ಹಿಡಿದು ಬಿಟ್ಟ ಮೀನು ಬದುಕುತ್ತದೆಯೇ? ಗಾಳದ ಹವ್ಯಾಸ ಇರುವವರು ಸ್ವಲ್ಪ ಹೇಳಿ

ಹಿನ್ನೀರ ತೋಟ
ನಮ್ಮ ತೋಟ ಇರುವುದು ಹೇಮಾವತಿ ಹಿನ್ನೀರಿನ ಅಂಚಿನಲ್ಲಿ, ಶೆಟ್ಟಿಹಳ್ಳಿಯ ಹಳೆಯ ಚರ್ಚಿಗೆ ಹೆಚ್ಚು ದೂರವಿಲ್ಲ. ಈಚೆಗೆ ಶನಿವಾರ ಬಂತೆಂದರೆ ಸಾಕು, ಕಾರಿನ ತುಂಬ ಗಾಳದ ಕೋಲು ತುಂಬಿಕೊಂಡು ಜನ ಬಂದಿಳಿಯುತ್ತಾರೆ. ಊರಿನವರು ಗಾಳ ಹಾಕುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಅದು ಹೊಟ್ಟೆಪಾಡು, ಇಲ್ಲವೇ ಭಾನುವಾರದ ಸಾರು. ಇವರದು ಬೇರೆ. ಹಿಡಿಯುತ್ತಾರೆ, ಬಿಡುತ್ತಾರೆ. ಬಿಡುವ ಮೊದಲು ನಡೆಯುವುದರ ಬಗ್ಗೆಯೇ ನನ್ನ ತಕರಾರು.

ಕಳೆದ ವಾರ ಒಂದು ದೊಡ್ಡ ಕಾಟ್ಲಾ ಸಿಕ್ಕಿತು. ಬಿಸಿಲಿಗೆ ಕಾದ ಬಂಡೆಯ ಮೇಲೆ ಮಲಗಿಸಿ ಟೇಪು ಹಿಡಿದು ಅಳೆದರು. ಒಬ್ಬೊಬ್ಬರಾಗಿ ಎತ್ತಿ ಹಿಡಿದು ಫೋಟೊ ತೆಗೆಸಿಕೊಂಡರು, ಒಬ್ಬನಂತೂ ಮುತ್ತು ಕೊಟ್ಟ. ಮೊದಲು ಬಿಡುವಿಲ್ಲದೆ ಬಡಿದುಕೊಳ್ಳುತ್ತಿದ್ದ ಅದರ ಕಿವಿರು ಅಷ್ಟರಲ್ಲಿ ತಡೆತಡೆದು ಆಡತೊಡಗಿತ್ತು. ಕೊನೆಗೆ ದಡದಿಂದಲೇ ನೀರಿಗೆ ಎಸೆದು ಚಪ್ಪಾಳೆ ತಟ್ಟಿದರು. ಮರುದಿನ ಬೆಳಗ್ಗೆ ನಮ್ಮ ಪಂಪ್‌ಸೆಟ್ ಪೈಪಿನ ಹತ್ತಿರ ಎರಡು ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು.

ನನ್ನ ತಮ್ಮನಿಗೂ ಇದೇ ಹುಚ್ಚು ಹಿಡಿದಿದೆ. ಕೇಳಿದರೆ, "ನಾನು ಕೊಲ್ಲುವುದಿಲ್ಲ, ಬಿಡುತ್ತೇನೆ. ನೀನು ಸಾರು ಮಾಡಿ ತಿನ್ನುತ್ತೀಯ. ಇಬ್ಬರಲ್ಲಿ ಕ್ರೂರಿ ಯಾರು?" ಎನ್ನುತ್ತಾನೆ. ನನಗೆ ಉತ್ತರ ಹೊಳೆಯಲಿಲ್ಲ. ಗೊತ್ತಿರುವವರು ಹೇಳಿ: ಬಿಟ್ಟ ಮೀನು ನಿಜವಾಗಿ ಬದುಕುತ್ತದೆಯೇ? ಬದುಕಿದರೂ, ಆಟಕ್ಕಾಗಿ ಹೀಗೆ ಮಾಡುವುದು ಸರಿಯೇ?

ಖಾರಾಬೂಂದಿ
ತಮ್ಮ ಹೇಳುವುದರಲ್ಲಿ ತಪ್ಪೇನಿದೆ? ಬಿಟ್ಟರೆ ಬದುಕುವ ಸಾಧ್ಯತೆಯಾದರೂ ಇದೆ. ಬಾಣಲೆಯಿಂದ ಯಾವ ಮೀನೂ ವಾಪಸ್ ಬಂದಿಲ್ಲ.

ಬೆಂಡುಗಾಳ
ಮೇಡಂ, ನಾನು ಕಾವೇರಿ, ಕಬಿನಿ ಎರಡರಲ್ಲೂ ಗಾಳ ಹಾಕುವವನು. ನೀವು ನೋಡಿದ್ದು ಹಿಡಿದು ಬಿಡುವ ಮೀನುಗಾರಿಕೆಯಲ್ಲ. ನಿಧಾನವಾಗಿ ಕೊಂದು ನೀರಿಗೆ ಹಾಕಿದ್ದಾರೆ, ಅಷ್ಟೇ.

ಬದುಕುತ್ತದೆಯೇ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಬೇರೆ ಬೇರೆ ದೇಶಗಳ ನೂರಾರು ಅಂದಾಜುಗಳನ್ನು ಒಟ್ಟು ಸೇರಿಸಿ 2005ರಲ್ಲಿ ಪ್ರಕಟವಾದ ಒಂದು ಪರಿಶೀಲನೆ, ಬಿಟ್ಟ ಮೀನಿನಲ್ಲಿ ಸರಾಸರಿ ನೂರಕ್ಕೆ 18 ಸಾಯುತ್ತವೆ ಎಂದಿತು. ಆದರೆ ಸರಾಸರಿ ನೋಡಿ ಸಮಾಧಾನಪಡುವ ಹಾಗಿಲ್ಲ. ಜಾತಿ, ನೀರಿನ ಬಿಸಿ, ಕೊಕ್ಕೆ ಕೂತ ಜಾಗ, ಹಿಡಿದವನ ಕೈ, ಇವುಗಳ ಮೇಲೆ ಅದು ಹತ್ತಿರ ಹತ್ತಿರ ಸೊನ್ನೆಯೂ ಆಗಬಹುದು, ಮುಕ್ಕಾಲು ಪಾಲೂ ಆಗಬಹುದು. ತುಟಿಗೆ ಕೊಕ್ಕೆ ಸಿಕ್ಕಿದ ಮೀನು ಸಾಮಾನ್ಯವಾಗಿ ಉಳಿಯುತ್ತದೆ. ಗಂಟಲಿಗೋ ಕಿವಿರಿಗೋ ಇಳಿದು ರಕ್ತ ಬಂದರೆ ಆಸೆ ಬಿಡಬೇಕು.

ಮೀನು ದಾರ ಎಳೆದಾಡುವಾಗ ಅದರ ಮಾಂಸಖಂಡಗಳು ಪೂರ್ತಿ ದಣಿಯುತ್ತವೆ, ರಕ್ತದಲ್ಲಿ ಆಮ್ಲ ಏರುತ್ತದೆ. ಅದಕ್ಕೆ ಅತಿ ಹೆಚ್ಚು ಆಮ್ಲಜನಕ ಬೇಕಾದ ಹೊತ್ತಿಗೆ ಸರಿಯಾಗಿ ನಾವು ಹೊರಗೆ ತೆಗೆಯುತ್ತೇವೆ. ಕಬಡ್ಡಿ ಆಡಿ ದಮ್ಮು ಕಟ್ಟಿ ಬಂದವನ ಮೂಗು ಬಾಯಿ ಮುಚ್ಚಿ ಫೋಟೊಗೆ ನಿಲ್ಲಿಸಿದ ಹಾಗೆ. ನೀರಿನಿಂದ ಹೊರಗೆ 10 ಸೆಕೆಂಡು ಮೀರಬಾರದು ಎಂಬುದು ಈಗ ಬಹಳ ಕಡೆ ಒಪ್ಪಿರುವ ಲೆಕ್ಕ. ಕಿವಿರಿನ ಎಳೆಗಳು ನೀರಿನಲ್ಲಿ ಬಿಡಿಬಿಡಿಯಾಗಿ ಹರಡಿಕೊಂಡಿರುತ್ತವೆ, ಗಾಳಿಗೆ ಬಂದೊಡನೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಗಾಳಿಯಲ್ಲಿ ಎಷ್ಟು ಆಮ್ಲಜನಕ ಇದ್ದರೇನು, ಅದಕ್ಕೆ ಸಿಗುವುದಿಲ್ಲ.

ಇನ್ನು ಆ ಬಂಡೆ. ಮೀನಿನ ಮೈಮೇಲಿನ ಲೋಳೆಯೇ ಅದಕ್ಕೆ ರಕ್ಷಣೆ. ಒಣ ಬಂಡೆ, ಒಣ ಕೈ, ಒಣ ಬಟ್ಟೆ ಯಾವುದು ತಾಗಿದರೂ ಲೋಳೆ ಕಿತ್ತು ಬರುತ್ತದೆ. ಆ ಜಾಗದಲ್ಲಿ ಬೂಷ್ಟು ಹಿಡಿಯುತ್ತದೆ. ಈಜಿಕೊಂಡು ಹೋಯಿತು ಎಂದು ಖುಷಿಪಟ್ಟವನು ಮನೆಗೆ ಹೋಗಿರುತ್ತಾನೆ, ಮೀನು ವಾರ ಕಳೆದು ಸಾಯುತ್ತದೆ. ನಿಮ್ಮ ಪೈಪಿನ ಹತ್ತಿರ ತೇಲಿದ್ದು ಎರಡು. ತೇಲದೆ ತಳ ಸೇರಿದ್ದು ಎಷ್ಟೋ.

ತುಂಗೆಯ ದಡ
ಬೆಂಡುಗಾಳ ಅವರು ಚೆನ್ನಾಗಿ ಬರೆದಿದ್ದಾರೆ. ನನ್ನ ಪ್ರಶ್ನೆ ಒಂದೇ: ಇಷ್ಟೆಲ್ಲ ಗೊತ್ತಿದ್ದೂ ಹಿಡಿಯುವುದು ಯಾಕೆ? ನಾವು ತೀರ್ಥಹಳ್ಳಿ ಕಡೆಯವರು. ಮೀನು ಬೇಕಾದರೆ ಹಿಡಿಯುತ್ತೇವೆ, ತಿನ್ನುತ್ತೇವೆ. ತಿನ್ನದ ಮೀನಿಗೆ ಗಾಳ ಹಾಕಿದರೆ ನಮ್ಮ ಅಜ್ಜ ಬೆನ್ನಿಗೆ ಎರಡು ಬಿಡುತ್ತಿದ್ದರು.

ಬೆಂಡುಗಾಳ
ತುಂಗೆಯ ದಡ ಅವರೇ, ಮೊದಲ ಮಳೆಗೆ ಮೊಟ್ಟೆ ಇಡಲು ಹಳ್ಳ ಹತ್ತಿ ಬರುವ ಮೀನನ್ನು ರಾತ್ರಿ ಬ್ಯಾಟರಿ ಹಿಡಿದು ಕತ್ತಿಯಲ್ಲಿ ಕಡಿಯುತ್ತೀರಲ್ಲ, ಆಗ ಅಜ್ಜ ಎಲ್ಲಿರುತ್ತಿದ್ದರು?

ಖಾರಾಬೂಂದಿ
ಶುರುವಾಯಿತು.

ತುಂಗೆಯ ದಡ
ಅಜ್ಜ ಮುಂದೆ ನಿಂತು ಬ್ಯಾಟರಿ ಹಿಡಿಯುತ್ತಿದ್ದರು, ಸುಳ್ಳು ಯಾಕೆ ಹೇಳಲಿ! ಹತ್ತುಮೀನಿನ ಶಿಕಾರಿ ಮಲೆನಾಡಿನ ಹಬ್ಬ. ಹಳ್ಳದ ನೀರು ಗದ್ದೆಯ ಬದುವಿನ ಮೇಲೆ ಕೆಂಪಗೆ ಹರಿಯುತ್ತಿರುತ್ತದೆ, ಮೀನು ಹುಲ್ಲಿನ ಮೇಲೆ ಹೊಟ್ಟೆ ಎಳೆಯುತ್ತ ಏರುತ್ತದೆ, ಜನ ಕಂಬಳಿ ಕೊಪ್ಪೆ ಹಾಕಿಕೊಂಡು, ಮೀನು ಹಿಡಿಯುವ ಬಿದಿರಿನ ಕೂಣಿ ಒಡ್ಡಿ ಕಾಯುತ್ತಾರೆ. ಮೊಟ್ಟೆ ಇರುವ ಮೀನನ್ನು ಹಿಡಿಯುವುದು ವಂಶಕ್ಕೇ ಕೈ ಹಾಕಿದ ಹಾಗೆ, ಒಪ್ಪಿದೆ. ಆದರೆ ಒಂದು ವ್ಯತ್ಯಾಸ ಇದೆ. ನಾವು ಮೀನಿಗೆ ಉಪಕಾರ ಮಾಡುತ್ತಿದ್ದೇವೆ ಎಂದು ಎಲ್ಲೂ ಹೇಳಿಕೊಂಡಿಲ್ಲ. ಹಿಡಿದು ಬಿಡುವವರು ಅದನ್ನೂ ಹೇಳಿಕೊಳ್ಳುತ್ತಾರೆ.

ಡಾ. ಕೊಟ್ಟಿಗೆ
ನಾನು ಪಶುವೈದ್ಯ, ಮೀನಿನ ತಜ್ಞನಲ್ಲ. ಆದರೂ ನೋವಿನ ವಿಷಯ ಯಾರೂ ಎತ್ತಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ಡಾಲಿ ಕುರಿ ಹುಟ್ಟಿತಲ್ಲ, ಸ್ಕಾಟ್ಲೆಂಡಿನ ರೋಸ್ಲಿನ್ ಸಂಸ್ಥೆ, ಅಲ್ಲಿಯೇ ಲಿನ್ ಸ್ನೆಡನ್ ಮತ್ತು ಸಂಗಡಿಗರು ಟ್ರೌಟ್ ಮೀನಿನ ಮೇಲೆ ಕೆಲಸ ಮಾಡಿ 2003ರಲ್ಲಿ ಪ್ರಕಟಿಸಿದರು. ಮೀನಿನ ತಲೆ ಮತ್ತು ತುಟಿಯ ಭಾಗದಲ್ಲಿ ಗಾಯ ಮಾಡುವಂಥ ಒತ್ತಡ, ಬಿಸಿ, ಆಮ್ಲಗಳಿಗೆ ಸ್ಪಂದಿಸುವ ನರತುದಿಗಳು ಇವೆ ಎಂದು ತೋರಿಸಿದರು. ನಂತರ ತುಟಿಗೆ ಜೇನುಹುಳದ ವಿಷ ಅಥವಾ ಅಸಿಟಿಕ್ ಆಮ್ಲ ಚುಚ್ಚಿ ನೋಡಿದರು. ಬರೀ ಉಪ್ಪುನೀರು ಚುಚ್ಚಿಸಿಕೊಂಡ ಮೀನು ಸುಮಾರು ಒಂದೂವರೆ ಗಂಟೆಯೊಳಗೆ ಮೇವಿಗೆ ಬಂದರೆ, ಇವು ಮೂರು ಗಂಟೆ ಮುಟ್ಟಲಿಲ್ಲ. ಆಮ್ಲ ಚುಚ್ಚಿಸಿಕೊಂಡವು ತಳದ ಜಲ್ಲಿಗೆ ತುಟಿ ಉಜ್ಜಿಕೊಂಡವು. ಮಾರ್ಫಿನ್ ಕೊಟ್ಟಾಗ ಈ ನಡವಳಿಕೆ ಕಡಿಮೆಯಾಯಿತು. ನನ್ನ ಹತ್ತಿರ ಬರುವ ಹಸುವಿನಲ್ಲಿ ಇಷ್ಟು ಲಕ್ಷಣ ಕಂಡರೆ ನೋವಿನ ಔಷಧ ಬರೆಯಲು ನಾನು ಯೋಚಿಸುವುದಿಲ್ಲ.

ಕೆರೆ ಏರಿ
ಡಾಕ್ಟರೇ, ಅದನ್ನು ಒಪ್ಪದವರೂ ಇದ್ದಾರಲ್ಲ. ಅಮೆರಿಕದ ಜೇಮ್ಸ್ ರೋಸ್ 2002ರಲ್ಲೇ ಬರೆದಿದ್ದರು: ನೋವು ಎಂಬ ಅನುಭವಕ್ಕೆ ಮಿದುಳಿನ ಹೊರಪದರ ಬೇಕು, ಮೀನಿಗೆ ಅದು ಇಲ್ಲ, ಆದ್ದರಿಂದ ಅದು ಚಡಪಡಿಸುವುದು ಬರೀ ಪ್ರತಿಕ್ರಿಯೆ ಎಂದು.

ಡಾ. ಕೊಟ್ಟಿಗೆ
ಇದ್ದಾರೆ, ಜಗಳ ಇನ್ನೂ ನಡೆಯುತ್ತಿದೆ. ಆದರೆ ನಮಗಿರುವಂಥ ಹೊರಪದರ ಕೋಳಿಗೂ ಇಲ್ಲ, ಕಾಗೆಗೂ ಇಲ್ಲ. ಕೋಳಿಗೆ ನೋವಾಗುವುದಿಲ್ಲ ಎಂದು ನೀವು ಹೇಳುತ್ತೀರಾ? ಮನುಷ್ಯನ ಹಾಗೆಯೇ ನೋಯುತ್ತದೆ ಎಂದು ನಾನೂ ಹೇಳುತ್ತಿಲ್ಲ. ಗೊತ್ತಿಲ್ಲದ ಕಡೆ ಅನುಮಾನದ ಲಾಭ ಪ್ರಾಣಿಗೆ ಹೋಗಲಿ ಎನ್ನುತ್ತೇನೆ. 1960ರ ನಮ್ಮ ಪ್ರಾಣಿಹಿಂಸೆ ತಡೆ ಕಾಯ್ದೆಯೂ ಪ್ರಾಣಿ ಎಂದರೆ ಮನುಷ್ಯನನ್ನು ಬಿಟ್ಟು ಯಾವುದೇ ಜೀವಿ ಎಂದೇ ಹೇಳುತ್ತದೆ. ಕಾಗದದ ಮೇಲೆ ಮೀನು ಆಗಲೇ ಒಳಗಿದೆ.

ಸಸ್ಯಾಹಾರಿ ಸುಬ್ಬಿ
ಹಿಡಿಯಬೇಡಿ, ತಿನ್ನಬೇಡಿ. ಚರ್ಚೆ ಮುಗಿಯಿತು.

ಖಾರಾಬೂಂದಿ
ಸುಬ್ಬಿ ಅಕ್ಕ, ನಿಮ್ಮ ಭತ್ತದ ಗದ್ದೆಗೆ ಹೊಡೆದ ಕೀಟನಾಶಕ ಹಳ್ಳಕ್ಕೆ ಹರಿದಾಗ ಸತ್ತ ಮೀನು ಯಾರ ಲೆಕ್ಕಕ್ಕೆ?

ಇಸಾರ್ ದಂಡೆ
ಮ್ಯೂನಿಕ್‌ನಿಂದ ಬರೆಯುತ್ತಿದ್ದೇನೆ, ಮೂಲ ಚಿಕ್ಕಮಗಳೂರು. ಮೂಲ ಪ್ರಶ್ನೆಗೆ ಇಲ್ಲಿನವರು ಕೊಟ್ಟಿರುವ ಉತ್ತರ ನಿಮಗೆ ತಲೆಕೆಳಗಾಗಿ ಕಾಣಬಹುದು. ಜರ್ಮನಿಯಲ್ಲಿ ಆಟಕ್ಕಾಗಿ ಹಿಡಿದು ಬಿಡುವುದೇ ಅಪರಾಧ, ಹಿಡಿದು ತಿನ್ನುವುದು ಸರಿ! ಸಕಾರಣವಿಲ್ಲದೆ ಬೆನ್ನುಮೂಳೆಯಿರುವ ಪ್ರಾಣಿಗೆ ನೋವು ಕೊಡುವ ಹಾಗಿಲ್ಲ ಎಂಬುದು ಇಲ್ಲಿನ ಪ್ರಾಣಿರಕ್ಷಣಾ ಕಾನೂನು. ಊಟ ಸಕಾರಣ, ಫೋಟೊ ಅಲ್ಲ. ಅಳತೆಗೆ ಚಿಕ್ಕದಿರುವ ಮೀನನ್ನೋ, ಹಿಡಿಯಬಾರದ ಕಾಲದಲ್ಲಿ ಸಿಕ್ಕಿದ್ದನ್ನೋ ಬಿಡಲೇಬೇಕು, ಅದು ಬೇರೆ ಮಾತು. ಪಕ್ಕದ ಸ್ವಿಟ್ಜರ್ಲೆಂಡಿನಲ್ಲೂ 2008ರ ನಿಯಮದ ಪ್ರಕಾರ, ಬಿಡುವ ಉದ್ದೇಶ ಇಟ್ಟುಕೊಂಡೇ ಹಿಡಿಯುವ ಹಾಗಿಲ್ಲ.

ಗಾಳ ಹಾಕಲು ಇಲ್ಲಿ ಪರೀಕ್ಷೆ ಬರೆದು ಪಾಸಾಗಬೇಕು. ಮೀನಿನ ಅಂಗರಚನೆ, ರೋಗ, ಕಾನೂನು, ಕೊಲ್ಲುವ ವಿಧಾನ ಎಲ್ಲ ಓದಬೇಕು. ತರಗತಿಯಲ್ಲಿ ಮರದ ಮೊಂಡು ಕೋಲು ಕೈಗೆ ಕೊಟ್ಟು, ಕಣ್ಣಿನ ಮೇಲೆ ತುಸು ಹಿಂದಕ್ಕೆ, ಮಿದುಳಿರುವ ಜಾಗಕ್ಕೆ ಒಂದೇ ಗಟ್ಟಿ ಏಟು ಎಂದು ಕಲಿಸುತ್ತಾರೆ. ಪ್ರಜ್ಞೆ ತಪ್ಪಿದ ಮೇಲೆ ತಡಮಾಡದೆ ಕಿವಿರು ಅಥವಾ ಹೃದಯ ಕತ್ತರಿಸಿ ರಕ್ತ ಹರಿಸಬೇಕು. ನಮ್ಮ ಊರಿನಲ್ಲಿ ಕಿವಿರಿಗೆ ಹುಲ್ಲುಕಡ್ಡಿ ಪೋಣಿಸಿ, ಜೀವ ಇರುವಾಗಲೇ ಸೈಕಲ್ ಹ್ಯಾಂಡಲಿಗೆ ನೇತುಹಾಕಿಕೊಂಡು ಬರುವುದು ಈಗ ನೆನಪಾದರೆ ಮೈ ಜುಮ್ಮೆನ್ನುತ್ತದೆ.

ತುಂಗೆಯ ದಡ
ನೋಡಿದಿರಾ, ಜರ್ಮನ್ನರೂ ನಮ್ಮ ಅಜ್ಜನ ಪಕ್ಷ.

ಬೆಂಡುಗಾಳ
ಜರ್ಮನಿಯ ನದಿಯ ಲೆಕ್ಕ ಕಾವೇರಿಗೆ ತರಬೇಡಿ. ಅಳಿವಿನಂಚಿನ ಮಹಶೀರನ್ನು ಹಿಡಿದವರೆಲ್ಲ ತಿನ್ನಬೇಕು ಎಂದರೆ ಮುಂದಿನ ವರ್ಷಕ್ಕೆ ಏನು ಉಳಿಯುತ್ತದೆ?

ಸಂಗಮದವನು
ಮಹಶೀರ್ ಹೆಸರು ಬಂದಿದ್ದಕ್ಕೆ ಬರೆಯುತ್ತಿದ್ದೇನೆ. ನಮ್ಮದು ಕನಕಪುರದಿಂದ ಸಂಗಮಕ್ಕೆ ಹೋಗುವ ದಾರಿ. ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿಯಲ್ಲಿ ಗಾಳದ ಶಿಬಿರಗಳು ನಡೆಯುತ್ತಿದ್ದ ಕಾಲ ನೋಡಿದವನು. ವಿದೇಶದವರು ಕೂಡ ಬರುತ್ತಿದ್ದರು. ಹಿಡಿದ ಪ್ರತಿ ಮೀನಿನ ತೂಕ ಬರೆದುಕೊಂಡು ಬಿಡಬೇಕು, ಅದು ಕಟ್ಟಪ್ಪಣೆ. ಎರೆಗೆ ರಾಗಿ ಹಿಟ್ಟಿನ ಉಂಡೆ. ಬೇಯಿಸಿದ ಹಿಟ್ಟು ಕೊಕ್ಕೆಯ ಸುತ್ತ ನಿಂಬೆಹಣ್ಣಿನ ಗಾತ್ರಕ್ಕೆ ಮೆತ್ತುತ್ತಿದ್ದರು. ಸೆಳವಿನಲ್ಲೂ ಬಿಚ್ಚದ ಹಾಗೆ ಗಟ್ಟಿ ಇರಬೇಕು, ಮೀನು ಉಗುಳದ ಹಾಗೆ ಮೆತ್ತಗೂ ಇರಬೇಕು. ಅದರ ಹದ ಎಲ್ಲರಿಗೂ ಬರುತ್ತಿರಲಿಲ್ಲ. ಅದನ್ನು ಬಲ್ಲ ಮಾರ್ಗದರ್ಶಿಗಳಲ್ಲಿ ಹಲವರು ಒಂದು ಕಾಲಕ್ಕೆ ಕದ್ದು ಮೀನು ಹಿಡಿಯುತ್ತಿದ್ದವರೇ. ಸಂಬಳ ಬಂದ ಮೇಲೆ ಅವರೇ ಕಾವಲಿಗೆ ನಿಂತರು. ರಾತ್ರಿ ಹೊಳೆಯಲ್ಲಿ ಮೀನಿಗೆ ಹಾಕಿದ ಸಿಡಿಮದ್ದಿನ ತೋಟೆ ಸಿಡಿದ ಸದ್ದು ಕೇಳಿದರೆ ತೆಪ್ಪ ಹಾಕಿಕೊಂಡು ಓಡುತ್ತಿದ್ದರು.

ಆ ಜಾಗ ಕಾವೇರಿ ವನ್ಯಧಾಮದ ಒಳಗೆ. ವನ್ಯಜೀವಿ ಕಾಯ್ದೆಯಲ್ಲಿ ಹಿಡಿಯುವುದೂ ಬೇಟೆಯೇ, ಬಿಟ್ಟರೂ ಅಷ್ಟೇ. ಹಾಗಾಗಿ 2012ರ ಹೊತ್ತಿಗೆ ಗಾಳ ಪೂರ್ತಿ ನಿಂತಿತು. ಕಾನೂನು ಸರಿ ಇರಬಹುದು. ಆದರೆ ಗಾಳದವರು ಎದ್ದು ಹೋದ ಮೇಲೆ ದಡದಲ್ಲಿ ಕಣ್ಣಿಡುವವರೂ ಹೋದರು. ತೋಟೆ ಒಂದು ಸಿಡಿದರೆ ಮಡುವಿನಲ್ಲಿರುವ ಮರಿ, ಮೊಟ್ಟೆ ಮೀನು, ಏಡಿ ಎಲ್ಲ ಹೋಗುತ್ತದೆ. ಕೈಗೆ ಸಿಗುವುದು ತೇಲಿದ್ದು ಮಾತ್ರ. ತೋಟೆ ಮತ್ತು ವಿಷ ಹಾಕುವುದನ್ನು 1897ರ ಮೀನುಗಾರಿಕೆ ಕಾಯ್ದೆಯೇ ನಿಷೇಧಿಸಿದೆ. ಬ್ರಿಟಿಷರ ಕಾಲದ ಕಾನೂನು, ಇವತ್ತಿಗೂ ಹೊಳೆಯ ಕಲ್ಲುಗಳಿಗೆ ಮಾತ್ರ ಗೊತ್ತು.

ಹಿನ್ನೀರ ತೋಟ
ಇದು ನನಗೆ ಹೊಸ ವಿಷಯ. ಹಾಗಾದರೆ ಆಟಕ್ಕೆ ಹಿಡಿದವರೇ ಮೀನನ್ನು ಉಳಿಸಿದರು ಎಂದ ಹಾಗಾಯಿತು?

ಕೆರೆ ಏರಿ
ಅಷ್ಟು ಸುಲಭವಿಲ್ಲ, ಅಕ್ಕ. ಗಾಳಿಬೋರೆ ಶಿಬಿರದವರು ಬರೆದಿಟ್ಟ ಲೆಕ್ಕವನ್ನೇ ವಿಜ್ಞಾನಿಗಳು ಕೂತು ನೋಡಿದರು. 1998ರಿಂದ 2012ರವರೆಗೆ ಆರು ಸಾವಿರಕ್ಕೂ ಹೆಚ್ಚು ಮಹಶೀರ್. ಒಟ್ಟು ಸಂಖ್ಯೆ ಏರುತ್ತ ಹೋಗಿತ್ತು, ನೋಡಿದವರಿಗೆ ಸಂತೋಷವೇ. ಬಿಡಿಸಿ ನೋಡಿದಾಗ ಕಂಡದ್ದು ಬೇರೆ: ಏರಿದ್ದು ನೀಲಿ ರೆಕ್ಕೆಯ ಮಹಶೀರ್. ಕಾವೇರಿಯದೇ ಆದ ಡುಬ್ಬದ ಮಹಶೀರ್ ಕರಗುತ್ತ ಬಂದಿತ್ತು. ನೀಲಿ ರೆಕ್ಕೆಯದು ಈ ಹೊಳೆಯ ಮೂಲನಿವಾಸಿಯಲ್ಲ. ಮಹಾರಾಷ್ಟ್ರದ ಲೋನಾವಳದ ಮರಿ ಕೇಂದ್ರದಲ್ಲಿ ಮಾಡಿದ ಮರಿಗಳನ್ನು ಸಂರಕ್ಷಣೆ ಎಂಬ ಹೆಸರಿನಲ್ಲೇ ತಂದು ಬಿಟ್ಟಿದ್ದರು. ಒಳ್ಳೆಯ ಮನಸ್ಸಿನಿಂದಲೇ ಬಿಟ್ಟರು, ತಪ್ಪು ಹೊಳೆಗೆ ಬಿಟ್ಟರು.

1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು ಕಬಿನಿಯಲ್ಲಿ ಹಿಡಿದ 120 ಪೌಂಡಿನ ಮೀನಿನ ಕಥೆ ಗಾಳದವರೆಲ್ಲ ಹೇಳುತ್ತಾರೆ. ಈಗಿನ ತೂಕದಲ್ಲಿ 54 ಕೆಜಿ. ಆ ಡುಬ್ಬದ ಮಹಶೀರಿಗೆ ಸರಿಯಾದ ವೈಜ್ಞಾನಿಕ ಹೆಸರು ಗಟ್ಟಿಯಾದದ್ದು 2018ರಲ್ಲಿ, ಟಾರ್ ರೆಮಾದೇವಿ ಎಂದು. ಅದೇ ವರ್ಷ, ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟವಾದ ಐಯುಸಿಎನ್ ಪಟ್ಟಿಯಲ್ಲಿ ಅಳಿವಿನ ಅತಿ ಗಂಭೀರ ಅಪಾಯದಲ್ಲಿರುವ ಜೀವಿ ಎಂದೂ ಸೇರಿತು. ಪ್ರಪಂಚದಲ್ಲಿ ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಬೇರೆಲ್ಲೂ ಇಲ್ಲ.

ಸಂಗಮದವನು
ಕೆರೆ ಏರಿ ಹೇಳಿದ್ದು ನಿಜ. ಆದರೆ ಒಂದು ಸೇರಿಸುತ್ತೇನೆ. ಆ ಲೆಕ್ಕ ಬರೆದಿಟ್ಟವರು ಯಾರು? ಗಾಳದವರೇ. ಅವರು ಪುಸ್ತಕ ಇಡದಿದ್ದರೆ ಡುಬ್ಬದ ಮೀನು ಹೋಗುತ್ತಿದೆ ಎಂಬುದೇ ತಿಳಿಯುತ್ತಿರಲಿಲ್ಲ.

ಡಾ. ಕೊಟ್ಟಿಗೆ
ಎರಡು ಪ್ರಶ್ನೆಗಳು ಕಲಸಿಹೋಗಿವೆ. ಜಾತಿ ಉಳಿಯಬೇಕು ಎನ್ನುವುದು ಒಂದು, ಕೈಯಲ್ಲಿರುವ ಈ ಒಂದು ಮೀನಿಗೆ ಏನಾಗುತ್ತಿದೆ ಎನ್ನುವುದು ಇನ್ನೊಂದು. ಮೊದಲನೆಯದಕ್ಕೆ ಹೊಳೆ ಕಾದೆವು ಎಂಬ ಉತ್ತರ ನಡೆಯುತ್ತದೆ. ಎರಡನೆಯದಕ್ಕೆ ಅದು ಉತ್ತರವಲ್ಲ. ಹೊಳೆ ಕಾದವನು ಬಂಡೆಯ ಮೇಲೆ ಮೀನು ಒಣಗಿಸಬಹುದು ಎಂದಾಗುವುದಿಲ್ಲ.

ಬೈಂದೂರು ಬಂಗುಡೆ
ಮಾರಾಯರೇ, ನೀವೆಲ್ಲ ಒಂದು ಕಾಟ್ಲಾದ ತುಟಿಗೆ ಅಳುತ್ತಿದ್ದೀರಿ. ಒಂದು ಟ್ರಾಲ್ ಬೋಟಿನ ಬಲೆ ಮೇಲೆ ಬಂದಾಗ ನೋಡಬೇಕು. ಬೆರಳುದ್ದದ ಮರಿ ರಾಶಿಗಟ್ಟಲೆ, ತಿನ್ನಲು ಆಗದ್ದು ಮೀನೆಣ್ಣೆ ಮತ್ತು ಗೊಬ್ಬರದ ಕಾರ್ಖಾನೆಗೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಬೋಟು ಕಟ್ಟಿ ನಿಲ್ಲಿಸುತ್ತೇವಲ್ಲ, ಅಷ್ಟೇ ಮೀನಿಗೆ ಉಸಿರು. ಅದರ ಮುಂದೆ ಹವ್ಯಾಸದ ಗಾಳ ಯಾವ ಲೆಕ್ಕ?

ಇಸಾರ್ ದಂಡೆ
ದೊಡ್ಡ ತಪ್ಪು ಒಂದು ಇದೆ ಎಂದು ಸಣ್ಣದನ್ನು ಬಿಡಬೇಕೇ? ಟ್ರಾಲ್ ಬೋಟಿನವನಿಗೆ ಸಾಲ ಇದೆ, ಡೀಸೆಲ್ ಖರ್ಚಿದೆ. ಹವ್ಯಾಸದವನಿಗೆ ಏನಿದೆ? ಅವನು ಬದಲಾಗುವುದು ಎಲ್ಲರಿಗಿಂತ ಸುಲಭ.

ಸಸ್ಯಾಹಾರಿ ಸುಬ್ಬಿ
ಮೀನು ಕಾಪಾಡಬೇಕೆಂದರೆ ಶೃಂಗೇರಿಗೆ ಹೋಗಿ ನೋಡಿ. ಶಾರದಾಂಬೆ ದೇವಸ್ಥಾನದ ಹಿಂದೆ ತುಂಗೆಯಲ್ಲಿ ತೊಡೆಗಾತ್ರದ ಮೀನು ಮೆಟ್ಟಿಲಿಗೇ ಬರುತ್ತವೆ. ಯಾರೂ ಗಾಳ ಹಾಕುವುದಿಲ್ಲ. ಪುರಿ ಹಾಕುತ್ತಾರೆ, ನೋಡಿ ಸಂತೋಷಪಡುತ್ತಾರೆ. ರಾಮನಾಥಪುರ, ಶಿಶಿಲ ಎಲ್ಲ ಕಡೆ ಹೀಗೆಯೇ. ಮೀನು ನೋಡುವ ಆಸೆ ತೀರಲು ಕೊಕ್ಕೆ ಬೇಕಾಗಿಲ್ಲ.

ತುಂಗೆಯ ದಡ
ಇದು ಒಳ್ಳೆಯ ಮಾತು. ನಮ್ಮ ಚಿಪ್ಪಲಗುಡ್ಡೆಯ ಮತ್ಸ್ಯಧಾಮವನ್ನೂ ಸೇರಿಸಿ. ಆದರೆ ದೇವರ ಮೀನು ಎಂದರೂ ಪೂರ್ತಿ ನೆಮ್ಮದಿಯಿಲ್ಲ. 1996ರಲ್ಲಿ ಶಿಶಿಲದ ಕಪಿಲಾ ಹೊಳೆಗೆ ಯಾರೋ ವಿಷ ಹಾಕಿ ಸಾವಿರಾರು ಮೀನು ಸತ್ತವು. ಪುರಿಯ ಪ್ಲಾಸ್ಟಿಕ್ ಕವರನ್ನು ಹೊಳೆಗೇ ಎಸೆದು ಕೈ ಮುಗಿಯುವ ಭಕ್ತರನ್ನೂ ಕಂಡಿದ್ದೇನೆ.

ಕೆರೆ ಏರಿ
ನಾನು ತುಮಕೂರು ಕಡೆಯವನು, ಕೆರೆಯಲ್ಲಿ ಗಾಳ ಹಾಕುತ್ತೇನೆ, ಹಾಕುತ್ತಲೇ ಇರುತ್ತೇನೆ. ಆದರೆ ಬಯಲುಸೀಮೆಯ ಒಂದು ಅಭ್ಯಾಸ ಬರೆಯಲೇಬೇಕು, ಇಲ್ಲಿ ಯಾರೂ ಅದರ ಸುದ್ದಿ ಎತ್ತಲಿಲ್ಲ. ಕುಚ್ಚು ಮೀನು, ಮಾರುಕಟ್ಟೆಯಲ್ಲಿ ಮುರ್ರೆಲ್ ಎನ್ನುತ್ತಾರಲ್ಲ, ಅದು ಮರಿ ಕಾಯುವ ಮೀನು. ಮಳೆಗಾಲದಲ್ಲಿ ಕೆರೆಯಂಚಿನ ಜೊಂಡಿನ ನಡುವೆ ನೀರಿನ ಮೇಲೆ ಕೆಂಪು ಮರಿಗಳ ಗುಂಪೊಂದು ಕುದಿಯುತ್ತಿರುವಂತೆ ಕಾಣುತ್ತದೆ, ಕಿತ್ತಳೆ ಬೆರೆತ ಕೆಂಪು. ತಂದೆತಾಯಿ ಅದರ ಕೆಳಗೇ ಇರುತ್ತವೆ, ಯಾರು ಹತ್ತಿರ ಬಂದರೂ ಮೇಲೆ ಬೀಳುತ್ತವೆ. ಗಾಳದವರು ಹುಡುಕುವುದೇ ಆ ಕೆಂಪು ಗುಂಪನ್ನು. ಅದರ ನಡುವೆ ಕೊಕ್ಕೆ ಕಟ್ಟಿದ ಜೀವಂತ ಕಪ್ಪೆಯನ್ನೋ ರಬ್ಬರ್ ಕಪ್ಪೆಯನ್ನೋ ಎಸೆದರೆ ಮೀನು ತಪ್ಪದೆ ಕಚ್ಚುತ್ತದೆ. ಅದಕ್ಕೆ ಹಸಿವಿಲ್ಲ, ಮರಿಯ ಮೇಲಿನ ಕಾಳಜಿಗೆ ಕಚ್ಚುತ್ತದೆ. ಅದನ್ನು ಎತ್ತಿ ನಗುತ್ತ ಫೋಟೊ ತೆಗೆಯುವ ಹೊತ್ತಿಗೆ ಉಳಿದ ಮೀನುಗಳು ಮರಿಗಳನ್ನು ನುಂಗಿ ಮುಗಿಸಿರುತ್ತವೆ. ಆಮೇಲೆ ಬಿಟ್ಟರೂ ಅಷ್ಟೇ, ತಿಂದರೂ ಅಷ್ಟೇ.

ಕೆಂಪು ಮರಿ ಕಂಡ ಕಡೆ ಗಾಳ ಎತ್ತಿಕೊಂಡು ಮುಂದೆ ಹೋಗಬೇಕು. ಇದನ್ನು ಹೇಳಲು ಯಾವ ಕಾಯ್ದೆಯೂ ಬೇಡ.

ಖಾರಾಬೂಂದಿ
ಆ ಕಪ್ಪೆಯ ಪರವಾಗಿ ಮಾತನಾಡಲು ಯಾರೂ ಇಲ್ಲವೇ? ಬೆನ್ನಿಗೆ ಕೊಕ್ಕೆ ಚುಚ್ಚಿಸಿಕೊಂಡು ಈಜಬೇಕು, ಆಮೇಲೆ ನುಂಗಿಸಿಕೊಳ್ಳಬೇಕು.

ಡಾ. ಕೊಟ್ಟಿಗೆ
ಖಾರಾಬೂಂದಿ ಮೊದಲ ಸಲ ತೂಕದ ಮಾತು ಆಡಿದ್ದಾರೆ. ರಬ್ಬರ್ ಕಪ್ಪೆ ಸಿಗುವಾಗ ಜೀವಂತ ಕಪ್ಪೆಗೆ ಯಾವ ಸಮರ್ಥನೆಯೂ ಇಲ್ಲ.

ಹಿನ್ನೀರ ತೋಟ
ತಮ್ಮನಿಗೆ ಇದೆಲ್ಲ ಓದಿಸಿದೆ. ಜರ್ಮನಿಯದು ಓದಿ ಹಾರಾಡಿದ. ಕುಚ್ಚು ಮೀನಿನದು ಓದಿ ಸುಮ್ಮನಾದ. ಗಾಳ ಬಿಡುವುದಿಲ್ಲವಂತೆ. "ಸರಿಯಾಗಿ ಹೇಗೆ ಮಾಡಬೇಕು ಎಂದು ಕೇಳು" ಎಂದಿದ್ದಾನೆ. ಬೆಂಡುಗಾಳ ಅವರೇ, ಹೇಳಿಬಿಡಿ. ಅವನು ಅಕ್ಕನ ಮಾತು ಕೇಳುವವನಲ್ಲ.

ಬೆಂಡುಗಾಳ
ಮೊದಲ ಕೆಲಸ ಮನೆಯಲ್ಲೇ. ಕೊಕ್ಕೆಯ ತುದಿಯ ಹಿಂದೆ ಇರುವ ಸಣ್ಣ ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟಸ ಮಾಡಲಿ. ಆ ಮುಳ್ಳಿಲ್ಲದಿದ್ದರೆ ಕೊಕ್ಕೆ ನೀರಿನೊಳಗೇ ಜಾರಿ ಬರುತ್ತದೆ, ಮೀನನ್ನು ಮುಟ್ಟುವ ಕೆಲಸವೇ ಇರುವುದಿಲ್ಲ. ದಾರ ಸ್ವಲ್ಪ ಸಡಿಲವಾದರೆ ಮೀನು ತಪ್ಪಿಸಿಕೊಳ್ಳುತ್ತದೆ ಎಂದು ಅಳುವವರಿದ್ದಾರೆ. ಹೇಗೂ ಬಿಡುವ ಮೀನು, ತಾನಾಗಿ ಹೋದರೆ ನಷ್ಟವೇನು? ಮೂರು ಮುಳ್ಳಿನ ಕೊಕ್ಕೆ ತೆಗೆದು ಒಂಟಿ ಕೊಕ್ಕೆ ಹಾಕಲಿ. ಎರೆಹುಳು ಅಥವಾ ಹಿಟ್ಟು ಕಟ್ಟುವುದಾದರೆ ಅಂಗಡಿಯವರು ಸರ್ಕಲ್ ಹುಕ್ ಎನ್ನುವ ಒಳಬಾಗಿದ ಕೊಕ್ಕೆ ಒಳ್ಳೆಯದು, ಅದು ಗಂಟಲಿಗೆ ಇಳಿಯದೆ ಬಾಯಿಯ ಮೂಲೆಗೆ ಸಿಗುತ್ತದೆ. ಅದನ್ನು ಹಾಕಿದಾಗ ಜೋರಾಗಿ ಜಗ್ಗಬಾರದು, ಸುಮ್ಮನೆ ಸುತ್ತಿದರೆ ತಾನೇ ಕೂರುತ್ತದೆ.

ದಾರ ದಪ್ಪಗಿರಲಿ. ತೆಳು ದಾರದಲ್ಲಿ ದೊಡ್ಡ ಮೀನನ್ನು ಗಂಟೆಗಟ್ಟಲೆ ಆಡಿಸುವುದನ್ನು ಶೌರ್ಯ ಎಂದುಕೊಂಡಿದ್ದಾರೆ, ಅದು ಮೀನನ್ನು ಸುಸ್ತಿನಿಂದ ಕೊಲ್ಲುವ ದಾರಿ. ಫೋಟೊ ಬೇಕೇ ಬೇಕೆಂದರೆ ಮೊಣಕಾಲು ನೀರಿಗೆ ಇಳಿದು, ಕೈ ಒದ್ದೆ ಮಾಡಿಕೊಂಡು, ಒಂದು ಕೈ ಹೊಟ್ಟೆಯ ಕೆಳಗೆ ಇನ್ನೊಂದು ಬಾಲದ ಬುಡಕ್ಕೆ ಕೊಟ್ಟು ಅಡ್ಡಡ್ಡ ಹಿಡಿಯಲಿ. ತುಟಿಯಿಂದ ನೇತಾಡಿಸುವುದು ಬೇಡ, ಕಿವಿರಿನೊಳಗೆ ಬೆರಳು ಬೇಡವೇ ಬೇಡ. ಬಿಡುವಾಗ ಎಸೆಯಬಾರದು. ಹರಿಯುವ ನೀರಿದ್ದರೆ ತಲೆಯನ್ನು ಹರಿವಿಗೆ ಎದುರಾಗಿ ಹಿಡಿದು, ತಾನಾಗಿ ಬಾಲ ಬಡಿದು ಕೈಯಿಂದ ಜಾರುವವರೆಗೆ ಕಾಯಬೇಕು. ಕೊಕ್ಕೆ ಆಳಕ್ಕೆ ಇಳಿದಿದ್ದರೆ ಕೆದಕದೆ ಬಾಯಿಯ ಹತ್ತಿರ ದಾರ ಕತ್ತರಿಸಿ ಬಿಡುವುದೇ ವಾಸಿ.

ಏಪ್ರಿಲ್, ಮೇ ತಿಂಗಳ ನಡುಮಧ್ಯಾಹ್ನ ಹೋಗಲೇಬೇಡಿ. 20 ಡಿಗ್ರಿಯ ನೀರಿನಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿಯುತ್ತದೆ, 30 ಡಿಗ್ರಿಗೆ ಅದು ಏಳೂವರೆಗೆ ಇಳಿಯುತ್ತದೆ. ನಮ್ಮ ಹಿನ್ನೀರು ಬೇಸಿಗೆಯಲ್ಲಿ ಅದಕ್ಕಿಂತ ಬಿಸಿ. ಆಗ ಮೀನು ಸುಮ್ಮನೆ ಇರುವುದಕ್ಕೇ ಒದ್ದಾಡುತ್ತಿರುತ್ತದೆ.

ಕೆರೆ ಏರಿ
ಒಂದು ತಿದ್ದುಪಡಿ: ಕುಚ್ಚು ಮೀನು ಗಾಳಿಯನ್ನೂ ಉಸಿರಾಡುತ್ತದೆ, ಮೀನಂಗಡಿಯ ತಟ್ಟೆಯಲ್ಲಿ ಅರ್ಧ ದಿನ ಮಿಸುಕಾಡುವುದು ಅದಕ್ಕೇ. ಅದಕ್ಕೆ 10 ಸೆಕೆಂಡಿನ ಲೆಕ್ಕ ಹೊಂದುವುದಿಲ್ಲ. ಲೋಳೆಯ ಮಾತು ಹೊಂದುತ್ತದೆ.

ತುಂಗೆಯ ದಡ
ಬೆಂಡುಗಾಳ ಒಂದು ಮರೆತರು. ಕತ್ತರಿಸಿದ ತಂಗೂಸಿನ ದಾರ ದಡದಲ್ಲಿ ಬಿಸಾಡಬಾರದು. ನಮ್ಮೂರಿನ ಬಿದಿರ ಮೆಳೆಯಲ್ಲಿ ಒಂದು ನೀರುಕಾಗೆ ಅದಕ್ಕೆ ಕಾಲು ಸಿಕ್ಕಿಸಿಕೊಂಡು ತಲೆಕೆಳಗಾಗಿ ನೇತಾಡುತ್ತಿತ್ತು. ಬಿಡಿಸಲು ಹೋದವನ ಕೈಯನ್ನೇ ಕುಕ್ಕಿತು. ಸೀಸದ ಗುಂಡಿನದೂ ಇದೇ ಕಥೆ. ಹಂಸಗಳು ಅದನ್ನು ನುಂಗಿ ಸಾಯುತ್ತವೆ ಎಂದು ಇಂಗ್ಲೆಂಡಿನಲ್ಲಿ 1987ರಲ್ಲೇ ಅದರ ಮಾರಾಟ ನಿಲ್ಲಿಸಿದರು. ಅಜ್ಜ ದಾರಕ್ಕೆ ಸಣ್ಣ ಕಲ್ಲು ಕಟ್ಟುತ್ತಿದ್ದರು, ಮೀನು ಅದಕ್ಕೂ ಬೀಳುತ್ತಿತ್ತು.

ಇಸಾರ್ ದಂಡೆ
ಮನೆಗೆ ಒಯ್ಯುವ ಮೀನಿನ ವಿಷಯವೂ ತಮ್ಮನಿಗೆ ಹೇಳಿ ಮೇಡಂ. ಬುಟ್ಟಿಯಲ್ಲಿ ಉಸಿರು ಕಟ್ಟಿ ಸಾಯಲು ಬಿಡದೆ ಹಿಡಿದ ಕೂಡಲೇ ಒಂದೇ ಏಟಿಗೆ ಮುಗಿಸಲಿ. ರುಚಿಗೂ ಅದೇ ಒಳ್ಳೆಯದು. ಒದ್ದಾಡಿ ಸತ್ತ ಮೀನಿನ ಮಾಂಸ ಬೇಗ ಕೆಡುತ್ತದೆ.

ಹಿನ್ನೀರ ತೋಟ
ತಮ್ಮ ಇಕ್ಕಳ ಹುಡುಕುತ್ತಿದ್ದಾನೆ. ಕೊಕ್ಕೆಯ ಮುಳ್ಳು ಒತ್ತುವುದಕ್ಕೆ ಒಪ್ಪಿದ. ಶನಿವಾರದ ತಂಡದವರಿಗೆ ಹೇಳುವುದು ಹೇಗೆ ಎಂಬುದೇ ಈಗ ತಲೆನೋವು. ಜಾಗ ಅವರಪ್ಪನದೂ ಅಲ್ಲ, ನಮ್ಮಪ್ಪನದೂ ಅಲ್ಲ.

ಸಂಗಮದವನು
ಜಗಳಕ್ಕೆ ಹೋಗಬೇಡಿ ಅಕ್ಕ. ಮೀನುಗಾರಿಕೆ ಇಲಾಖೆಯ ಪರವಾನಗಿ ಇದೆಯೇ ಎಂದು ವಿನಯದಿಂದ ಕೇಳಿ. ಜಲಾಶಯದ ಮೀನಿನ ಹಕ್ಕು ಗುತ್ತಿಗೆಯಲ್ಲಿದ್ದರೆ ಅಲ್ಲಿನ ಮೀನುಗಾರರ ಸಂಘದವರಿಗೂ ಒಂದು ಮಾತು ತಿಳಿಸಿ. ಊರಿನ ತೆಪ್ಪದವರು ಬಂದು ಪಕ್ಕದಲ್ಲಿ ನಿಂತರೆ ಮುತ್ತು ಕೊಡುವವರ ಉತ್ಸಾಹ ತಾನಾಗಿ ಇಳಿಯುತ್ತದೆ.

ಬೆಂಡುಗಾಳ
ಗಂಟಿರುವ ನೈಲಾನ್ ಕೈಬಲೆಯ ಬದಲು ರಬ್ಬರ್ ಬಲೆ ತೆಗೆದುಕೊಳ್ಳಲು ಹೇಳಿ. ನೈಲಾನ್ ಗಂಟಿಗೆ ಮೀನಿನ ರೆಕ್ಕೆ ಸೀಳುತ್ತದೆ, ಪೊರೆ ಏಳುತ್ತದೆ. ಬೆಲೆ ಸ್ವಲ್ಪ ಜಾಸ್ತಿ.

ಬೈಂದೂರು ಬಂಗುಡೆ
ಎಷ್ಟು ಜಾಸ್ತಿ ಎಂದು ಈಗಷ್ಟೇ ಮೊಬೈಲಿನಲ್ಲಿ ನೋಡಿದೆ ಮಾರಾಯರೇ. ಆ ದುಡ್ಡಿಗೆ ಮನೆಮಂದಿಗೆಲ್ಲ ಸಾಕಾಗುವಷ್ಟು ಬಂಗುಡೆ ಬರುತ್ತದೆ, ಮಸಾಲೆಯ ಖರ್ಚೂ ಸೇರಿ.

ಖಾರಾಬೂಂದಿ
ಮಸಾಲೆಗೆ ಹುಣಸೆಯೋ, ಉಪ್ಪಾಗೆಯೋ?

ತುಂಗೆಯ ದಡ
ಉಪ್ಪಾಗೆ. ಇದರಲ್ಲಿ ಚರ್ಚೆಗೆ ಜಾಗವೇ ಇಲ್ಲ.

ಬೈಂದೂರು ಬಂಗುಡೆ
ಬಂಗುಡೆಗೆ ಉಪ್ಪಾಗೆಯೇ? ಹೊಸ ಪುಟ ತೆರೆಯಿರಿ, ಅಲ್ಲಿಗೆ ಬರುತ್ತೇನೆ.